ತಣಿಗೆಯಲ್ಲಿ ಉಳಿದ ಅನ್ನ

ಅದು ರಕ್ತ ಅಂತ ನನಗೆ ಮೊದಲು ಗೊತ್ತಾಗಲಿಲ್ಲ.

ಬಚ್ಚಲಲ್ಲಿ ವಾಂತಿಯಾಯಿತು. ನೋಡಿದರೆ ಕಾಫಿ ಗಸಿಯ ಹಾಗೆ ಕಪ್ಪಗಿತ್ತು. ಬೆಳಿಗ್ಗೆ ಕುಡಿದ ಕಾಫಿಯೇ ಬಂತು ಅಂದುಕೊಂಡೆ. ಎರಡು ಚೊಂಬು ನೀರು ಸುರಿದು, ಬಾಯಿ ಮುಕ್ಕಳಿಸಿ, ಒಲೆಯ ಮುಂದೆ ರೊಟ್ಟಿ ತಟ್ಟಲು ಕುಳಿತೆ. ಎರಡನೇ ಸಲ ಕೆಂಪಗೆ ಬಂತು. ಮಗಳು ನಿರ್ಮಲ ಕಿರುಚಿದ್ದು ಕೇಳಿಸಿತು. ಕಣ್ಣು ಬಿಟ್ಟಾಗ ನೆಲದ ಮೇಲಿದ್ದೆ, ಹೆಂಚಿನ ಮೇಲೆ ರೊಟ್ಟಿ ಸೀಯುವ ವಾಸನೆ ಬರುತ್ತಿತ್ತು. "ಅದನ್ನ ಮಗುಚಿ ಹಾಕ್ರೇ, ಸೀದೋಯ್ತು" ಅಂದೆನಂತೆ. ಸಾಯುವಾಗಲೂ ಇವಳಿಗೆ ರೊಟ್ಟಿಯದೇ ಚಿಂತೆ ಅಂತ ಮನೆಯಲ್ಲಿ ಈಗಲೂ ಆಡಿಕೊಳ್ಳುತ್ತಾರೆ.

ಆಡಿಕೊಳ್ಳಲಿ. ನಾನು ಹಾಗೇ ಇದ್ದೆ.

ಅಜ್ಜಂಪುರದಲ್ಲಿ ಸ್ಟೇಷನ್ನಿಗೆ ಹೋಗುವ ರಸ್ತೆಯಲ್ಲಿ ನಮ್ಮದು ಎಣ್ಣೆ, ಬೆಲ್ಲ, ಕೊಬ್ಬರಿಯ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ನಾನು ಆಗ ತುಂಬಾ ದಪ್ಪಗಿದ್ದೆ. ಕುಂತರೆ ಏಳುವುದಕ್ಕೆ ಕಂಬ ಬೇಕಾಗಿತ್ತು. ಬಳೆಗಾರ ಬಂದರೆ ನನ್ನ ಕೈಗೆ ಅಂತ ದೊಡ್ಡ ಅಳತೆಯ ಬಳೆಯ ಗಂಟು ಬಿಚ್ಚುತ್ತಿದ್ದ. ಹೊರಗಿನವರ ಕಣ್ಣಿಗೆ ಅದು ಸುಖದ ಮೈ. ಅಂಗಡಿ ಚೆನ್ನಾಗಿ ನಡೆಯುತ್ತಿದೆ, ಮನೆಯಾಕೆ ತುಂಬಿಕೊಂಡಿದ್ದಾಳೆ ಅನ್ನುತ್ತಿದ್ದರು. ನಿಜ ನನಗೊಬ್ಬಳಿಗೇ ಗೊತ್ತಿತ್ತು. ಹೊಟ್ಟೆ ಖಾಲಿಯಾದರೆ ಸಾಕು, ಎದೆಗುಂಡಿಗೆಯ ಕೆಳಗೆ ಯಾರೋ ಬೈರಿಗೆ ಹಿಡಿದು ಕೊರೆದಂತೆ ನೋವು. ಏನಾದರೂ ಬಾಯಿಗೆ ಹಾಕಿಕೊಂಡರೆ ನಿಲ್ಲುತ್ತಿತ್ತು. ಹಾಗಾಗಿ ಹಾಕಿಕೊಳ್ಳುತ್ತಲೇ ಇದ್ದೆ. ಬೆಲ್ಲದ ಚೂರು, ಕೊಬ್ಬರಿ, ಹುರಿಗಡಲೆ, ನಿನ್ನೆಯ ತಂಗಳು. ಸೆರಗಿನ ಗಂಟಿನಲ್ಲಿ ಯಾವಾಗಲೂ ಏನಾದರೂ ಇರುತ್ತಿತ್ತು. ಕದ್ದು ತಿನ್ನುತ್ತಿದ್ದೆ, ನನ್ನದೇ ಮನೆಯಲ್ಲಿ, ಬೆಳೆದ ಮಗಳನ್ನು ಇಟ್ಟುಕೊಂಡು.

"ಅಂಗಡಿ ಇಲಿ ಹೊರಗಿಂದ ಬರಕಿಲ್ಲ ಕಣೋ ರುದ್ರ, ಒಳಗೇ ಐತೆ" ಅಂತ ಅತ್ತೆ ನನ್ನ ಗಂಡನಿಗೆ ನನ್ನ ಎದುರೇ ಹೇಳುತ್ತಿದ್ದರು.

ನಮ್ಮ ಅತ್ತೆ ಬಸಮ್ಮ ಒಣಕಲು ದೇಹದವರು. ನಾಲಗೆ ಮಾತ್ರ ಒಣಗಿರಲಿಲ್ಲ. ಅವರಿಗೆ ಊಟವೆಂದರೆ ಪ್ರಸಾದ, ಬೇರೆ ಮಾತಿಲ್ಲ. ನಮ್ಮ ಕಡೆ ಲಿಂಗಪೂಜೆ ಮಾಡಿ, ತಟ್ಟೆಗೆ ಬಡಿಸಿಕೊಂಡ ಮೇಲೆ ಒಂದು ಅಗುಳೂ ಬಿಡುವಂತಿಲ್ಲ. ಉಂಡಾದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ಸುತ್ತ ತೊಳೆದು, ಆ ನೀರನ್ನೂ ಕುಡಿಯಬೇಕು. ತಟ್ಟೆ ತೊಳೆದಂತೆಯೇ ಆಗಿಬಿಡಬೇಕು. ಅತ್ತೆ ಪ್ರತಿಯೊಬ್ಬರ ತಟ್ಟೆಯನ್ನೂ ಬಗ್ಗಿ ನೋಡುತ್ತಿದ್ದರು. ಆ ಒಂದು ವಿಷಯದಲ್ಲಿ ಮಾತ್ರ ಅವರು ನನ್ನನ್ನು ಯಾವತ್ತೂ ಬಯ್ದಿರಲಿಲ್ಲ.

ದಾವಣಗೆರೆಗೆ ರೈಲಿನಲ್ಲಿ ಕರೆದುಕೊಂಡು ಹೋದರು. ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆದರು. ಹಳೆಯ ಅಲ್ಸರ್, ಕರುಳಿಗೆ ಹೋಗುವ ದಾರಿಯೇ ಕುಗ್ಗಿಹೋಗಿದೆ, ಮತ್ತೆ ರಕ್ತ ಬಂದರೆ ಜೀವಕ್ಕೆ ಅಪಾಯ ಅಂದರು. ಪಾರ್ಷಿಯಲ್ ಗ್ಯಾಸ್ಟ್ರೆಕ್ಟಮಿ ಅನ್ನುವ ಪದವನ್ನು ನಾನು ಕೇಳಿದ್ದು ಅಲ್ಲೇ. ಥಿಯೇಟರಿಗೆ ಹೋಗುವಾಗ ನರ್ಸ್ ಕೊರಳಲ್ಲಿದ್ದುದನ್ನೆಲ್ಲ ಬಿಚ್ಚಲು ಹೇಳಿದರು. ತಾಳಿ, ಬಳೆ ಬಿಚ್ಚಿದೆ. ನರ್ಸ್ ಶಿವದಾರದಲ್ಲಿದ್ದ ಲಿಂಗದ ಕರಡಿಗೆ ಮುಟ್ಟಲು ಹೋದಾಗ ಅತ್ತೆ ಆಕೆಯ ಕೈ ಹಿಡಿದುಕೊಂಡರು. "ಅದೊಂದು ಬ್ಯಾಡ ಕಣವ್ವ. ಅದು ಮೈಮೇಲೇ ಇರ್ಬೇಕು." ಕೊನೆಗೆ ಡಾಕ್ಟರೇ ಬಂದು, ತೋಳಿಗೆ ಕಟ್ಟಿ ಮೇಲೆ ಬ್ಯಾಂಡೇಜ್ ಸುತ್ತಿ ಅಂದರು. ಒಳ್ಳೆಯ ಮನುಷ್ಯ.

ಎಚ್ಚರವಾದಾಗ ಮೂಗಿನಲ್ಲಿ ಟ್ಯೂಬು, ಕೈಯಲ್ಲಿ ಡ್ರಿಪ್ಪು, ಹೊಟ್ಟೆಯ ಮೇಲಿನಿಂದ ಕೆಳಗಿನವರೆಗೆ ಬೆಂಕಿ. ಬಾಯಾರಿಕೆ ಹೇಗಿತ್ತೆಂದರೆ, ಪಕ್ಕದ ಹಾಸಿಗೆಯವಳು ನೀರು ಕುಡಿಯುವ ಸದ್ದಿಗೆ ಅಳು ಬರುತ್ತಿತ್ತು. ಹತ್ತಿಯಲ್ಲಿ ತುಟಿ ಒದ್ದೆ ಮಾಡುತ್ತಿದ್ದರು, ಅಷ್ಟೇ.

ಮನೆಗೆ ಕಳಿಸುವ ದಿನ ಡಾಕ್ಟರ್ ಹಾಸಿಗೆಯ ಅಂಚಿನಲ್ಲಿ ಕುಳಿತು ಬಿಡಿಸಿ ಹೇಳಿದರು. "ನೋಡಿಯಮ್ಮ, ನಿಮ್ಮ ಹೊಟ್ಟೆಯ ಮುಕ್ಕಾಲು ಭಾಗ ತೆಗೆದಿದ್ದೇವೆ. ಉಳಿದದ್ದನ್ನ ಕರುಳಿಗೆ ಜೋಡಿಸಿದ್ದೇವೆ. ಸ್ವಲ್ಪ ಸ್ವಲ್ಪ ತಿನ್ನಬೇಕು, ಐದಾರು ಸಲ. ಚೆನ್ನಾಗಿ ಅಗಿದು ತಿನ್ನಬೇಕು. ಊಟದ ಜೊತೆ ನೀರು ಕುಡಿಯಬಾರದು. ಸಿಹಿ ಬೇಡ. ಸಿಹಿ ತಿಂದರೆ ಡಂಪಿಂಗ್ ಆಗುತ್ತೆ, ತಿಂದದ್ದು ದಡಕ್ಕನೆ ಕರುಳಿಗೆ ಬೀಳುತ್ತೆ. ಬೆವರು, ಎದೆ ಬಡಿತ, ಭೇದಿ. ಆಗ ಮಲಗಿಬಿಡಿ."

"ಮುದ್ದೆ ತಿನ್ನಬಹುದಾ ಸಾರ್?"

"ಅಗಿದು ತಿನ್ನಿ."

ಅಗಿಯುವುದು! ಮುದ್ದೆಯನ್ನು!

ಅತ್ತೆ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡರು. ನಮ್ಮ ಕಡೆ ಮುದ್ದೆಯನ್ನು ಮುರಿದು, ಸಾರಿನಲ್ಲಿ ಹೊರಳಿಸಿ ನುಂಗುತ್ತಾರೆ. ಹೊಸದಾಗಿ ಬಂದ ಪಟ್ಟಣದ ಮೇಷ್ಟ್ರು ಯಾರಾದರೂ ಅಗಿದರೆ ಊರೆಲ್ಲ ನಗುತ್ತದೆ. ಯಗಟಿಯ ರಾಗಿ ಹೊಲದ ನಡುವೆ ಹುಟ್ಟಿದ ನಾನು ಈ ವಯಸ್ಸಿನಲ್ಲಿ ಮುದ್ದೆ ಅಗಿಯಬೇಕಾಯಿತು.

ಡಾಕ್ಟರ್ ಹೇಳಿದ ಒಂದೊಂದು ಮಾತೂ ನನ್ನ ತಟ್ಟೆಗೆ ವಿರುದ್ಧವಾಗಿತ್ತು. ಗಂಡ ಉಣ್ಣುವ ಮೊದಲೇ ನಾನು ಉಣ್ಣಬೇಕು. ಎಲ್ಲರೂ ಕೆಲಸದಲ್ಲಿದ್ದಾಗ ನಾನು ಮತ್ತೆ ಉಣ್ಣಬೇಕು. ತಟ್ಟೆ ತೊಳೆದ ನೀರು ಕುಡಿಯಬಾರದು. ಎಲ್ಲಕ್ಕಿಂತ ಹೆಚ್ಚಾಗಿ, ಎಷ್ಟು ಹಿಡಿಸುತ್ತದೆ ಅಂತ ನನಗೇ ತಿಳಿಯುತ್ತಿರಲಿಲ್ಲ. ಒಂದು ದಿನ ಅರ್ಧ ರೊಟ್ಟಿ ಸುಖವಾಗಿ ಇಳಿಯುತ್ತಿತ್ತು. ಮರುದಿನ ಅದೇ ಅರ್ಧ ರೊಟ್ಟಿಯ ಎರಡನೇ ತುತ್ತಿಗೇ ಎದೆ ಒತ್ತಿ ಹಿಡಿದು, ಬಾಯಲ್ಲಿ ಜೊಲ್ಲು ಸುರಿದು, ಬಚ್ಚಲಿಗೆ ಓಡುತ್ತಿದ್ದೆ. ತಟ್ಟೆಯಲ್ಲಿ ಉಳಿದುಬಿಡುತ್ತಿತ್ತು. ಮದುವೆಯಾಗಿ ಬಂದಾಗಿನಿಂದ ನನ್ನ ತಟ್ಟೆಯಲ್ಲಿ ಏನೂ ಉಳಿದಿರಲಿಲ್ಲ.

ಮೊದಲ ಡಂಪಿಂಗ್ ಆದದ್ದು ಅತ್ತೆಯ ಪ್ರೀತಿಯಿಂದ. ಸೊಸೆ ಸೊರಗಿದ್ದಾಳೆ, ಡಾಕ್ಟರಿಗೇನು ಗೊತ್ತು ಅಂತ ಹಾಲು, ಬೆಲ್ಲ, ಗಸಗಸೆ ಹಾಕಿ ಪಾಯಸ ಮಾಡಿದರು. ಬೇಡ ಅನ್ನಬೇಕಿತ್ತು. ಆಸೆಯಾಯಿತು. ಒಂದು ಬಟ್ಟಲು ಕುಡಿದೆ. ಅಡುಗೆಮನೆಯಿಂದ ನಡುಮನೆಗೆ ಬರುವಷ್ಟರಲ್ಲಿ ಮೈಯೆಲ್ಲ ಬೆವರು ಒಡೆಯಿತು. ಎದೆ ಡವಡವ ಅನ್ನತೊಡಗಿತು. ಕಣ್ಣಿಗೆ ಕತ್ತಲೆ. ಹೊಟ್ಟೆಯೊಳಗೆ ಏನೋ ಹೊರಳಿತು. ಹಿತ್ತಿಲಿಗೆ ಓಡಿದೆ.

ಮುಟ್ಟಲಿಲ್ಲ.

ದಾರಿಯಲ್ಲೇ ಸೀರೆಯಲ್ಲಿ ಆಯಿತು. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕುಸಿದು ಕುಳಿತೆ. ನಿರ್ಮಲ ನೀರು ತಂದು ನನ್ನನ್ನು ತೊಳೆದಳು. ಮದುವೆಗೆ ಬಂದ ಮಗಳ ಕೈಯಲ್ಲಿ ಕೂಸಿನ ಹಾಗೆ ತೊಳೆಸಿಕೊಂಡೆ. ಅವಳು ಏನೂ ಅನ್ನಲಿಲ್ಲ. ಅನ್ನಬಾರದಿತ್ತೇ ಏನಾದರೂ ಅಂತ ನನಗೆ ಸಿಟ್ಟು ಬಂತು. ಅತ್ತೆ ದೃಷ್ಟಿಯಾಗಿದೆ ಅಂತ ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಪಾಯಸ ಮಾತ್ರ ಮತ್ತೆ ಮಾಡಲಿಲ್ಲ.

ಮೈ ಕರಗಿತು. ಮೊದಲು ಮುಖ, ಆಮೇಲೆ ಕೊರಳು. ಬಳೆ ಮೊಣಕೈವರೆಗೆ ಜಾರತೊಡಗಿತು. ತೋಳಿನ ಚರ್ಮ ಒಣಗಲು ಹಾಕಿದ ಬಟ್ಟೆಯ ಹಾಗೆ ಜೋತಾಡುತ್ತಿತ್ತು. ನೆಲದ ಮೇಲೆ ಕುಳಿತರೆ ಮೂಳೆ ಚುಚ್ಚುತ್ತಿತ್ತು. ಸ್ನಾನ ಮಾಡುವಾಗ ನನ್ನ ಹೊಟ್ಟೆಯ ಮಡಿಕೆಯನ್ನೂ ಅದರ ನಡುವಿನ ಉದ್ದನೆಯ ಗೆರೆಯನ್ನೂ ನೋಡಲಾರದೆ ಕಣ್ಣು ಮುಚ್ಚಿ ನೀರು ಸುರಿದುಕೊಳ್ಳುತ್ತಿದ್ದೆ. ಲಿಂಗದ ಕರಡಿಗೆ ಮೊದಲು ಎದೆಯ ಮೇಲೆ ನಿಲ್ಲುತ್ತಿತ್ತು, ಈಗ ಹೊಕ್ಕುಳ ಹತ್ತಿರ ತೂಗಾಡುತ್ತಿತ್ತು. ಶಿವದಾರಕ್ಕೆ ಗಂಟು ಹಾಕಿ ಮೋಟು ಮಾಡಿಕೊಂಡೆ. ಸ್ವಲ್ಪ ದಿನಕ್ಕೆ ಇನ್ನೊಂದು ಗಂಟು ಬೇಕಾಯಿತು. ದಪ್ಪಗಿದ್ದಾಗ ತಿನ್ನುತ್ತೇನೆ ಅಂತ ನಾಚಿಕೆ, ತೆಳ್ಳಗಾದ ಮೇಲೆ ತಿನ್ನಲಾರೆ ಅಂತ ನಾಚಿಕೆ. ನನ್ನ ಪಾಲಿಗೆ ಅದೊಂದು ಮಾತ್ರ ಕರಗಲಿಲ್ಲ.

ಒಂದು ಮಧ್ಯಾಹ್ನ ತಟ್ಟೆಯಲ್ಲಿ ಉಳಿದ ಅನ್ನವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಹಿತ್ತಿಲ ಹಸುವಿಗೆ ಹಾಕಿದೆ. ತಿರುಗಿದರೆ ಅತ್ತೆ ನಿಂತಿದ್ದರು.

"ಪ್ರಸಾದ ತಂದು ದನದ ಬಾಯಿಗೆ ಹಾಕ್ತೀಯೇನೇ?"

"ಇಳೀಲಿಲ್ಲ ಅತ್ತೆ."

"ಇಳೀದಿದ್ರೆ ಬಡಿಸೋವಾಗ್ಲೇ ಬ್ಯಾಡ ಅನ್ನಕ್ಕೆ ಬಾಯಿ ಇಲ್ವಾ? ನಿಂಗೆ ನನ್ ತಾವ ಹೇಳಕ್ಕೆ ನಾಚ್ಕೆ, ಹಸುವಿನ ತಾವ ಇಲ್ಲ."

ನಾನು ಅಳುತ್ತಾ ನಿಂತೆ. ಬಾಯಿ ಇಲ್ಲದೆ ಏನು? ಆದರೆ ಬಡಿಸಿದ್ದನ್ನು ಬೇಡ ಅನ್ನುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಮುಂದಿನ ಊಟಕ್ಕೂ ಅಷ್ಟೇ ಬಡಿಸಿದರು. ನಾನೂ ಸುಮ್ಮನೆ ಬಡಿಸಿಕೊಂಡೆ.

ಇದರ ನಡುವೆ ನಿರ್ಮಲನ ಮದುವೆಯ ಮಾತು ಇತ್ತು. ನನ್ನ ಕಾಯಿಲೆಗೆ ಮುಂಚೆಯೇ ತರೀಕೆರೆಯಿಂದ ಒಂದು ಮನೆಯವರು ಬಂದು ಹುಡುಗಿಯನ್ನು ನೋಡಿ ಒಪ್ಪಿದ್ದರು. ಬಸ್‌ಸ್ಟ್ಯಾಂಡಿನ ಹತ್ತಿರ ಅವರದು ಅಡಿಕೆ, ಕಾಯಿ ವ್ಯಾಪಾರ. ಒಳ್ಳೆಯ ಹುಡುಗ. ನಿರ್ಮಲನಿಗೂ ಮನಸ್ಸಿತ್ತು, ಅವನ ಹೆಸರು ಎತ್ತಿದರೆ ಒಲೆ ಊದುವ ನೆಪದಲ್ಲಿ ಮುಖ ತಿರುಗಿಸುತ್ತಿದ್ದಳು. ಅವರು ನನ್ನನ್ನು ನೋಡಿದ್ದು ತುಂಬಿದ ಮೈಯಲ್ಲಿ.

"ಆಪರೇಷನ್ ಅಂತ ಯಾರ ತಾವ್ಲೂ ಬಾಯಿ ಬಿಡ್ಬ್ಯಾಡಿ" ಅಂದರು ನಮ್ಮ ಮನೆಯವರು. "ಹೊಟ್ಟೇಲಿ ಹುಣ್ಣು ಅಂದ್ರೆ ಜನ ಕ್ಯಾನ್ಸರ್ ಅಂತಾರೆ. ತಾಯಿಗೆ ಬಂದದ್ದು ಮಗಳಿಗೂ ಬತ್ತದೆ ಅಂತಾರೆ. ಮದ್ವೆ ನಿಂತೋಯ್ತದೆ." ಊರಿನಲ್ಲಿ ನಿತ್ರಾಣಕ್ಕೆ ಗ್ಲೂಕೋಸ್ ಹಾಕಿಸಿದೆವು ಅಂತ ಅವರು ಹೇಳಿದ್ದಾಗಿತ್ತು. ನಾನೂ ಅದನ್ನೇ ಮುಂದುವರಿಸಿದೆ.

ಮಾತು ಗಟ್ಟಿ ಮಾಡಲು ತರೀಕೆರೆಗೆ ಹೋದೆವು. ಹುಡುಗನ ತಾಯಿ ಗಿರಿಜಮ್ಮ ಬಾಗಿಲಲ್ಲಿ ನನ್ನನ್ನು ನೋಡಿ ಗುರುತೇ ಹಿಡಿಯಲಿಲ್ಲ. ನನ್ನ ಹಿಂದೆ ಹಣಕಿ, "ಎಲ್ರೀ ನಿಮ್ ಸೊಸೆ, ಬರಲಿಲ್ವಾ?" ಅಂತ ಅತ್ತೆಯನ್ನು ಕೇಳಿದರು.

ನಾನು ನಿಂತಲ್ಲೇ ನೆಲ ನೋಡಿದೆ.

"ಇವ್ಳೇ ಕಣ್ರೀ" ಅಂದರು ಅತ್ತೆ, ಒಂದು ಗಳಿಗೆಯೂ ತಡೆಯದೆ. "ಮಗಳ ಮದ್ವೆ ಸುಸೂತ್ರ ಆಗ್ಲಿ ಅಂತ ಒಪ್ಪತ್ತು ಹಿಡಿದವ್ಳೆ. ಒಂದೇ ಹೊತ್ತು ಊಟ, ಅದೂ ಒಂದು ಹಿಡಿ. ಬ್ಯಾಡ ಕಣೇ ಅಂದ್ರೂ ಕೇಳಲ್ಲ. ಮೈ ಕರಗಿಸಿಕೊಂಡ್ಳು."

ಹುಟ್ಟಿದಾಗಿನಿಂದ ಸುಳ್ಳು ಹೇಳದ ಅತ್ತೆ! ನಾನು ಅವರ ಮುಖ ನೋಡಿದೆ. ಅವರು ನನ್ನ ಕಡೆ ತಿರುಗಲೇ ಇಲ್ಲ. ಗಿರಿಜಮ್ಮ ನನ್ನ ಎರಡೂ ಕೈ ಹಿಡಿದುಕೊಂಡು, "ಎಂಥಾ ತಾಯಿ ನೀವು!" ಅಂದರು. ಬಂದವರಿಗೆಲ್ಲ ನನ್ನನ್ನು ತೋರಿಸಿ ಹೇಳಿದರು. ಅವರು ಹೊಗಳಿದಷ್ಟೂ ನನ್ನ ಕಿವಿ ಬಿಸಿಯಾಯಿತು. ಕದ್ದು ಕೊಬ್ಬರಿ ತಿನ್ನುತ್ತಿದ್ದವಳು ಆ ಮನೆಯಲ್ಲಿ ದೊಡ್ಡ ವ್ರತಸ್ಥೆಯಾಗಿಬಿಟ್ಟೆ. ಆ ದಿನ ಮಾತ್ರ ಯಾರೂ ಒತ್ತಾಯ ಮಾಡಿ ಬಡಿಸಲಿಲ್ಲ. ಒಂದು ಹಿಡಿ ಅನ್ನ, ಖಾಲಿ ತಟ್ಟೆ. ಎಷ್ಟು ಸುಖವಾಗಿತ್ತೆಂದರೆ ಸುಳ್ಳು ಅನ್ನುವುದೇ ಮರೆತುಹೋಗಿತ್ತು.

ಎದ್ದು ಹೊರಡುವಾಗ ಗಿರಿಜಮ್ಮ ನಗುತ್ತಾ ಅಂದರು: "ಮದ್ವೆ ಮುಗಿದ್ಮೇಲೆ ನಿಮ್ ವ್ರತಾನೂ ಮುಗೀತದಲ್ಲ. ಬೀಗರ ಊಟಕ್ಕೆ ಬಂದಾಗ ನನ್ ಕೈಯಾರೆ ಹೋಳಿಗೆ ತಿನ್ನಿಸಿ ವ್ರತ ಬಿಡಿಸ್ತೀನಿ. ಆಗ ಬ್ಯಾಡ ಅನ್ನಂಗಿಲ್ಲ ಕಣ್ರೀ!"

ಬಸ್ಸಿನಲ್ಲಿ ಅತ್ತೆ ಊರು ಬರುವವರೆಗೂ ತಮ್ಮ ಲಿಂಗದ ಕರಡಿಗೆ ಹಿಡಿದುಕೊಂಡೇ ಕುಳಿತಿದ್ದರು.

ಮದುವೆ ನಮ್ಮ ಊರಿನಲ್ಲೇ ನಡೆಯಿತು. ಹೆಣ್ಣಿನ ತಾಯಿಗೆ ಕೂರಲು ಪುರುಸೊತ್ತು ಎಲ್ಲಿ, ಓಡಾಡುತ್ತಲೇ ಊಟ ತಪ್ಪಿಸಿಕೊಂಡೆ. ಉಗ್ರಾಣದ ಕದ ಮುಚ್ಚಿಕೊಂಡು ನಾಲ್ಕು ತುತ್ತು ಮೊಸರನ್ನ ಅಗಿದು ಬಂದೆ. ಆದರೆ ಬೀಗರ ಊಟ ತಪ್ಪಿಸಿಕೊಳ್ಳುವಂತಿರಲಿಲ್ಲ. ನಿರ್ಮಲ ಆಗಲೇ ಆ ಮನೆಯಲ್ಲಿದ್ದಳು. ಹೋಗದಿದ್ದರೆ ಅವಮಾನ. ಹೋಗಿ, ತಟ್ಟೆಯಲ್ಲಿ ಬಿಟ್ಟರೆ ಅದಕ್ಕಿಂತ ಅವಮಾನ. ಆ ಅವಮಾನವನ್ನು ಅನುಭವಿಸಬೇಕಾದವಳು ನಾನಲ್ಲ. ನಾನು ಸಂಜೆಯ ಬಸ್ಸಿಗೆ ಬಂದುಬಿಡುತ್ತೇನೆ. ಅವಳು ಅಲ್ಲೇ ಬಾಳಬೇಕು, ನಿಮ್ಮಮ್ಮ ನಮ್ಮನೆ ಅನ್ನ ಬಿಟ್ಟೆದ್ದಳು ಅನ್ನುವ ಮಾತನ್ನು ಬದುಕಿರುವವರೆಗೆ ಕೇಳಬೇಕು. ಯೋಚಿಸಿ ಯೋಚಿಸಿ ಹೋಗುವ ದಿನದ ಹೊತ್ತಿಗೆ ನನಗೆ ಗಂಜಿಯೂ ಇಳಿಯುತ್ತಿರಲಿಲ್ಲ.

ಗಿರಿಜಮ್ಮನ ನಡುಮನೆಯಲ್ಲಿ ಹೆಂಗಸರ ಪಂಕ್ತಿ ಹಾಕಿದ್ದರು. ಅವರ ಮಠದ ಅಯ್ಯನವರು ಪಾದಪೂಜೆ ಮಾಡಿಸಿಕೊಂಡು ಆಚೆ ಮಣೆಯ ಮೇಲೆ ಕುಳಿತಿದ್ದರು. ಬೀಗಿತ್ತಿಯರಿಗೆ ಅಂತ ಎಲೆಯಲ್ಲ, ಮೂರು ಕಾಲಿನ ಅಡ್ಡಣಿಗೆಯ ಮೇಲೆ ಕಂಚಿನ ತಣಿಗೆ. ಅಗಲವಾದ ದೊಡ್ಡ ತಟ್ಟೆ, ನನ್ನ ಒಂದು ವಾರದ ಅನ್ನ ಹಿಡಿಸುವಂಥದ್ದು. ನನ್ನ ಬಲಕ್ಕೆ ಗಿರಿಜಮ್ಮ, ಎಡಕ್ಕೆ ಅತ್ತೆ. ನಿರ್ಮಲ ಹಸಿರು ಸೀರೆ ಉಟ್ಟು, ಕೈತುಂಬ ಬಳೆ ತೊಟ್ಟು ಕೋಸಂಬರಿ ಬಡಿಸುತ್ತಾ ಬಂದಳು. ನನ್ನ ಮುಂದೆ ಬಗ್ಗಿದಾಗ ಮೆಲ್ಲಗೆ, "ಅಮ್ಮಾ, ಹೆಂಗ್ ಮಾಡ್ತೀಯ?" ಅಂದಳು.

"ನೀನ್ ಹೋಗು" ಅಂದೆ.

ಹೋಳಿಗೆ ಬಂತು. ಗಿರಿಜಮ್ಮ ಅದನ್ನು ನಾಲ್ಕು ಮಡಿಕೆ ಮಾಡಿ, ತುಪ್ಪದಲ್ಲಿ ಅದ್ದಿ, "ಆ ಅನ್ನಿ ಬೀಗ್ತಿ" ಅಂತ ನನ್ನ ಬಾಯಿಗೆ ಇಟ್ಟರು. ಸುತ್ತ ಕುಳಿತವರೆಲ್ಲ ನಗುತ್ತಿದ್ದರು. ಯಾರೋ ಸೋಬಾನೆ ಪದ ಶುರು ಮಾಡಿದರು. ಅಗಿದೆ. ಅಗಿಯುತ್ತಲೇ ಇದ್ದೆ. "ಇದೇನ್ರೀ ಹಸು ಮೆಲುಕು ಹಾಕ್ದಂಗೆ, ನುಂಗಿ!" ಅಂತ ಇನ್ನೊಂದು ತುರುಕಿದರು. ಅದರ ಮೇಲೆ ಹಾಲು. ತಣಿಗೆಗೆ ಅನ್ನ ಬಿತ್ತು, ಸಾರು ಬಿತ್ತು, ನಾನು ಕೈ ಅಡ್ಡ ಹಿಡಿದರೆ ಕೈಮೇಲೇ ಪಲ್ಯ ಬಿತ್ತು. ವ್ರತ ಬಿಟ್ಟವಳಿಗೆ ಎಲ್ಲರೂ ಪುಣ್ಯ ಕಟ್ಟಿಕೊಳ್ಳಲು ಬಡಿಸುತ್ತಿದ್ದರು.

ಅನ್ನಕ್ಕೆ ಕೈ ಹಾಕಿದೆ. ಒಂದು ತುತ್ತು. ಎರಡನೇ ತುತ್ತಿಗೆ ಬೆವರು ಒಡೆಯಿತು.

ಶುರುವಾಯಿತು.

ಎದೆ ಡವಡವ. ಹಣೆಯ ವಿಭೂತಿ ಕರಗಿ ಮೂಗಿನ ಮೇಲಿಳಿಯಿತು. ಸೋಬಾನೆ ದೂರದಿಂದ ಕೇಳಿಸುವಂತಿತ್ತು. ತಣಿಗೆಯಲ್ಲಿ ಅನ್ನ ಹಾಗೇ ಗುಡ್ಡೆಯಾಗಿತ್ತು. ಎದ್ದರೆ ಪ್ರಸಾದ ಬಿಟ್ಟೆದ್ದ ಹಾಗೆ. ಎದ್ದೇಳದಿದ್ದರೆ ಇಲ್ಲೇ, ಇಷ್ಟು ಜನರ ನಡುವೆ, ಮಗಳ ಗಂಡನ ಮನೆಯ ನಡುಮನೆಯಲ್ಲಿ ಸೀರೆ ಹೊಲಸಾಗುತ್ತದೆ. ದೇವರಾಣೆಗೂ ಆಗ ನಾನು ಸಾವನ್ನು ಕೇಳಿಕೊಂಡೆ.

"ಯಾಕ್ ಬೀಗ್ತಿ, ನಮ್ಮನೆ ಅನ್ನ ರುಚಿ ಹತ್ಲಿಲ್ವಾ?" ಗಿರಿಜಮ್ಮನ ನಗು ಇನ್ನೂ ಇತ್ತು, ಆದರೆ ಸ್ವಲ್ಪ ತೆಳ್ಳಗಾಗಿತ್ತು. ಬಾಗಿಲ ಬಳಿ ನಿರ್ಮಲ ಸೌಟು ಹಿಡಿದು ಹಾಗೇ ನಿಂತುಬಿಟ್ಟಿದ್ದಳು.

ಆಗ ಎಡಗಡೆಯಿಂದ ಒಂದು ಒಣಕಲು ಕೈ ಬಂತು. ನನ್ನ ತಣಿಗೆಯನ್ನು ಅಡ್ಡಣಿಗೆಯಿಂದ ಎತ್ತಿ, ತಮ್ಮ ಖಾಲಿ ತಣಿಗೆಯನ್ನು ಪಕ್ಕಕ್ಕೆ ಸರಿಸಿ, ತಮ್ಮ ಮುಂದೆ ಇಟ್ಟುಕೊಂಡರು ಅತ್ತೆ.

"ಎದ್ದೋಗೇ. ಹಿತ್ಲಿಗೆ ಹೋಗು. ನಿರ್ಮಲಾ, ನಿಮ್ಮಮ್ಮನ್ನ ಹಿಡ್ಕ."

ಸೋಬಾನೆ ನಿಂತಿತು.

"ಅವ್ಳಿಗೆ ವ್ರತಾನೂ ಇಲ್ಲ, ಗಿರ್ತಾನೂ ಇಲ್ಲ ಗಿರಿಜಮ್ಮ" ಅಂದರು ಅತ್ತೆ. ನಾನು ಮಗಳ ಭುಜ ಹಿಡಿದು ಏಳುತ್ತಿದ್ದೆ, ಪ್ರತಿಯೊಂದು ಮಾತೂ ಬೆನ್ನಿಗೆ ಬೀಳುತ್ತಿತ್ತು. "ಹೊಟ್ಟೇಲಿ ಹುಣ್ಣಾಗಿತ್ತು. ದಾವಣಗೆರೇಲಿ ಡಾಕ್ಟ್ರು ಮುಕ್ಕಾಲು ಹೊಟ್ಟೇನೇ ಕುಯ್ದು ತೆಗೆದವ್ರೆ. ಕ್ಯಾನ್ಸರ್ ಗೀನ್ಸರ್ ಅಲ್ಲ. ಅಂಟೋ ರೋಗಾನೂ ಅಲ್ಲ. ಸುಳ್ಳು ಹೇಳಿದ್ದು ನಾನು. ಬೈಯಂಗಿದ್ರೆ ನನ್ನ ಬಯ್ರಿ."

ಹಿತ್ತಿಲ ಬಾಗಿಲಲ್ಲಿ ನನಗೆ ಕೊನೆಯದಾಗಿ ಕೇಳಿಸಿದ್ದು ಯಾರೋ ಮುದುಕಿಯ ಪಿಸುಮಾತು: "ಅಯ್ಯೋ, ಸೊಸೆ ಎಂಜಲು ಉಣ್ತಾವ್ಳಲ್ಲೇ ಬಸಮ್ಮ!"

ಅದಕ್ಕೆ ಅತ್ತೆ ಕೊಟ್ಟ ಉತ್ತರವನ್ನು, ನನ್ನನ್ನು ಹಿತ್ತಿಲಿಗೆ ಬಿಟ್ಟು ಬಾಗಿಲಿಗೆ ಬಂದು ನಿಂತಿದ್ದ ನಿರ್ಮಲ ಆಮೇಲೆ ಹೇಳಿದಳು. ಬಾಯಲ್ಲಿ ತುತ್ತಿಟ್ಟುಕೊಂಡೇ, "ಪ್ರಸಾದಕ್ಕೆ ಎಂಥ ಎಂಜಲೇ? ನಿಮ್ಮಯ್ಯನೋರು ಅಲ್ಲೇ ಕುಂತವ್ರೆ, ಕೇಳು" ಅಂದರಂತೆ. ಅಯ್ಯನವರು ಹೌದು ಅಂತ ತಲೆಯಾಡಿಸಿದರಂತೆ. ಅತ್ತೆ ಒಂದು ಅಗುಳೂ ಬಿಡದೆ ಉಂಡು, ತಣಿಗೆಗೆ ನೀರು ಹಾಕಿ, ಸುತ್ತ ತೊಳೆದು, ಎತ್ತಿ ಕುಡಿದರಂತೆ.

ಈ ಸಲ ನಾನು ಹಿತ್ತಿಲು ಮುಟ್ಟಿದೆ. ಅಷ್ಟರಮಟ್ಟಿಗೆ ಶಿವ ಮಾನ ಉಳಿಸಿದ.

ಕೋಣೆಯಲ್ಲಿ ಚಾಪೆ ಹಾಸಿ ಮಲಗಿಸಿದರು. ಗೋಡೆಯ ಕಡೆ ತಿರುಗಿ ಮಲಗಿದ್ದೆ. ಯಾರಿಗೂ ಮುಖ ತೋರಿಸುವ ಧೈರ್ಯವಿರಲಿಲ್ಲ. ಗಿರಿಜಮ್ಮ ಬಂದು ಕುಳಿತದ್ದು ಬಳೆಯ ಸದ್ದಿನಿಂದ ಗೊತ್ತಾಯಿತು.

"ಮೊದ್ಲೇ ಹೇಳಿದ್ರೆ ನಾನು ಹಂಗೆ ತುರುಕ್ತಿದ್ನಾ?" ಅಂದರು. ದನಿಯಲ್ಲಿ ಸಿಟ್ಟಿತ್ತು. "ಊರಿಗೆಲ್ಲ ನಮ್ ಬೀಗ್ತಿ ವ್ರತ ಅಂತ ಸಾರ್ಕೊಂಡು ಬಂದೆ. ಈಗ ನಾನೇನಾದೆ?"

"ತಪ್ಪಾಯ್ತು ಬೀಗ್ತಿ. ನಿರ್ಮಲನ ಮೇಲೆ ಸಿಟ್ಟು ಮಾಡ್ಕೋಬ್ಯಾಡಿ."

"ಅವ್ಳ ಮೇಲೆ ಯಾಕ್ರೀ ಮಾಡ್ಲಿ? ಅವ್ಳೇನು ಒಪ್ಪತ್ತು ಹಿಡಿದಿದ್ಲಾ?" ಆಮೇಲೆ ಮೆಲ್ಲಗೆ ಕೇಳಿದರು: "ಅಲ್ಲ ಕಣ್ರೀ, ಮುಕ್ಕಾಲು ಹೊಟ್ಟೆ ತೆಗೆದ್ರೆ ಜೀವ ಇರ್ತದಾ?"

ನಾನು ಮೊದಲ ಸಲ ಅವರ ಕಡೆ ತಿರುಗಿದೆ. "ಇದೆಯಲ್ಲ" ಅಂದೆ. ನನಗೇ ನಗು ಬಂತು. ಅವರಿಗೂ ಬಂತು, ತಡೆದುಕೊಂಡರು. ಅವರ ಸಿಟ್ಟು ಪೂರ್ತಿ ಹೋಯಿತು ಅಂತ ಹೇಳಲಾರೆ. ಈಗಲೂ ಮಾತಿನ ನಡುವೆ ಒಂದೊಂದು ಸಲ "ನಿಮ್ಮ ವ್ರತ" ಅಂತ ಚುಚ್ಚುತ್ತಾರೆ. ಆದರೆ ನಿರ್ಮಲನನ್ನು ಚೆನ್ನಾಗಿ ನೋಡಿಕೊಂಡಿದ್ದಾರೆ. ಅವಳು ತವರಿಗೆ ಬಂದಾಗ ನನಗೆ ಅಂತ ಸಿಹಿ ಹಾಕದ ಚಕ್ಕುಲಿ ಕಟ್ಟಿ ಕಳಿಸುತ್ತಾರೆ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅತ್ತೆಗೆ ಹೊಟ್ಟೆ ಉಬ್ಬರಿಸಿ ಕೂರಲಾಗುತ್ತಿರಲಿಲ್ಲ. ಈ ವಯಸ್ಸಿನಲ್ಲಿ ಇಬ್ಬರ ಊಟ ಉಂಡಿದ್ದರು. ತೇಗುತ್ತಾ, ಕಿಟಕಿಯ ಸರಳು ಹಿಡಿದುಕೊಂಡು ಬಯ್ದರು. "ನಂಗೂ ಒಂದೇ ಹೊಟ್ಟೆ ಇರೋದು ಕಣೇ. ದಿನಾ ನಿಂದೂ ತುಂಬ್ಕೊಂಡ್ರೆ ನನ್ನನ್ನೂ ದಾವಣಗೆರೆಗೆ ಹಾಕ್ಬೇಕಾಯ್ತದೆ. ಬಾಯಿ ಬಿಟ್ಟು ಹೇಳು ಎಷ್ಟು ಬೇಕು ಅಂತ."

"ನಂಗೇ ಗೊತ್ತಾಗಲ್ಲ ಅತ್ತೆ" ಅಂದೆ. "ಒಂದೊಂದು ದಿನ ಒಂದೊಂದು ಥರ."

"ಹಂಗಾರೆ ಒಂದು ತುತ್ತು ಹಾಕುಸ್ಕೊ. ಇಳಿದ್ರೆ ಇನ್ನೊಂದು ಕೇಳು. ಕೇಳಿದ್ರೆ ಯಾರಾದ್ರೂ ಹೊಡೀತಾರಾ?"

ಇಷ್ಟು ಸಣ್ಣ ಮಾತು ನಮ್ಮ ಮನೆಗೆ ಬರಲು ಇಷ್ಟೆಲ್ಲ ಆಗಬೇಕಾಯಿತು.

ಈಗ ಊರಿಗೆಲ್ಲ ಗೊತ್ತು. ನನ್ನ ತುತ್ತಿನ ಹೊತ್ತಾದರೆ ಅತ್ತೆ ಅಂಗಡಿಗೆ ಬಂದವರಿಗೂ ಕೇಳಿಸುವಂತೆ ಕೂಗುತ್ತಾರೆ: "ಲೇ, ಬಾರೇ, ನಿನ್ ಹೊಟ್ಟೆ ಚೀಲ ಕಾಯ್ತಾ ಐತೆ!" ಗಿರಾಕಿಗಳು ನಗುತ್ತಾರೆ. ನನಗೆ ನಾಚಿಕೆಯಾಗುತ್ತದೆ. ನಾಚಿಕೆ ಹೋಯಿತು ಅಂದರೆ ಸುಳ್ಳಾಗುತ್ತದೆ, ಸುಳ್ಳು ಸಾಕಾಗಿದೆ. ಆದರೆ ಹೋಗಿ ತಿನ್ನುತ್ತೇನೆ. ಮುದ್ದೆ ಅಗಿಯುತ್ತೇನೆ. ಮೈ ಇನ್ನೂ ತುಂಬಿಲ್ಲ, ತುಂಬುವುದೂ ಇಲ್ಲ ಅಂತ ಡಾಕ್ಟರ್ ಹೇಳಿದ್ದಾರೆ. ತಿಂಗಳಿಗೊಂದು ಇಂಜೆಕ್ಷನ್ ಇದೆ. ತಲೆಗೂದಲು ಉದುರುವುದು ಸ್ವಲ್ಪ ನಿಂತಿದೆ. ಶಿವದಾರಕ್ಕೆ ಮತ್ತೆ ಗಂಟು ಹಾಕುವುದು ಬೇಕಾಗಿಲ್ಲ.

ಮೊನ್ನೆ ಶ್ರಾವಣ ಸೋಮವಾರ ನಮ್ಮ ಮಠಕ್ಕೆ ಹೋಗಿದ್ದೆವು. ಆಪರೇಷನ್ ಆದ ಮೇಲೆ ನಾನು ಅಲ್ಲಿ ಊಟಕ್ಕೆ ಕುಳಿತೇ ಇರಲಿಲ್ಲ. ಪಂಕ್ತಿ ಉದ್ದಕ್ಕಿತ್ತು. ಬಡಿಸುವವನು ಅನ್ನದ ಪುಟ್ಟಿ ಹಿಡಿದು ಸಾಲಿನಲ್ಲಿ ಬರುತ್ತಿದ್ದ. ನನ್ನ ಮುಂದೆ ಬಂದು ನಿಂತ. ಪಕ್ಕದಲ್ಲಿ ಅತ್ತೆ ಬಾಯಿ ತೆರೆದದ್ದು ಕಾಣಿಸಿತು. ಅವರಿಗಿಂತ ಮೊದಲೇ ನಾನು ಹೇಳಿಬಿಟ್ಟೆ, ದನಿ ಜೋರಾಗಿಯೇ ಬಂತು.

"ಒಂದೇ ತುತ್ತು ಹಾಕಪ್ಪ. ನಂಗೆ ಹೊಟ್ಟೆ ಆಪರೇಷನ್ ಆಗಿದೆ."

ಆಚೀಚೆಯವರು ತಿರುಗಿ ನೋಡಿದರು. ಅವನು ಒಂದು ತುತ್ತು ಹಾಕಿ ಮುಂದೆ ಹೋದ. ಮೆಲ್ಲಗೆ ಅಗಿದು ಉಂಡೆ. ಎಲ್ಲರ ಊಟ ಮುಗಿಯುವ ಹೊತ್ತಿಗೇ ನನ್ನದೂ ಮುಗಿಯಿತು. ತಟ್ಟೆಗೆ ಒಂದು ಗುಟುಕಾಗುವಷ್ಟೇ ನೀರು ಹಾಕಿಕೊಂಡು, ಬೆರಳಿನಿಂದ ಸುತ್ತ ತೊಳೆದು, ಕುಡಿದೆ.

ಅತ್ತೆ ಅಭ್ಯಾಸದಂತೆ ನನ್ನ ತಟ್ಟೆಯನ್ನು ಬಗ್ಗಿ ನೋಡಿದರು. "ಹೂಂ" ಅಂದು, ಎದ್ದೇಳಲು ನನ್ನ ಕಡೆ ಕೈ ಚಾಚಿದರು.